ಮೇಡಂ ಕೊಟ್ಟ ತಣ್ಣನೆಯ ಲೋಟ

ಹೋದ ಭಾನುವಾರ ಮಧ್ಯಾಹ್ನ ಮಗಳು ಅಡುಗೆಮನೆಯಲ್ಲಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಅದರಲ್ಲಿ ಯಾರೋ ಹೇಳಿಕೊಡುತ್ತಿದ್ದ ಹಾಗೆ ಚಾಕೊಲೇಟ್ ಮಾಲ್ಟ್ ಮಾಡುತ್ತಿದ್ದಳು. ಮಾಲ್ಟ್ ಪುಡಿ, ಕೋಕೋ ಪುಡಿ, ಸಕ್ಕರೆ ಮೂರನ್ನೂ ಸ್ವಲ್ಪ ಬಿಸಿನೀರಲ್ಲಿ ಗಂಟಿಲ್ಲದಂತೆ ಕಲಸಿ, ತಣ್ಣನೆಯ ಹಾಲು ಹೊಯ್ದು, ಐಸ್ ತುಂಡುಗಳ ಜೊತೆ ಮಿಕ್ಸಿಗೆ ಹಾಕಿದಳು. "ನಿಮ್ಮ ಕಾಲದ್ದಂತೆ ಕಣಮ್ಮಾ ಇದು, ಕುಡಿ" ಎಂದು ನೊರೆ ತುಂಬಿದ ಲೋಟವನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಆ ವಾಸನೆಗೆ ಮುಖ ತಿರುಗಿಸಿಕೊಂಡೆ.

"ಆಚೆ ತಗೊಂಡು ಹೋಗು!"

ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ... ಆ ವಾಸನೆ ಬಂದರೆ ನನ್ನ ಕಣ್ಣ ಮುಂದೆ ನಿಲ್ಲುವ ಹೆಂಗಸು ಯಾರೆಂದು ಅವಳಿಗೇನು ಗೊತ್ತು?

ಆಕೆ ನನ್ನ ಸಂಗೀತದ ಮೇಡಂ. ಅವರು ತೀರಿಕೊಂಡಾಗ ಪೇಪರಿನಲ್ಲಿ 'ಶಿಷ್ಯವತ್ಸಲೆ' ಎಂದು ಹಾಕಿದ್ದರು. ಓದಿ, ಆ ಹಾಳೆಯನ್ನು ಈರುಳ್ಳಿ ಬುಟ್ಟಿಯ ತಳಕ್ಕೆ ಹಾಸಿದೆ.

ನಜರ್‌ಬಾದಿನಲ್ಲಿ ಅವರ ಮನೆ. ಬನ್ನಿಮಂಟಪದಿಂದ ಅಮ್ಮ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ನೆರೆಯವರ ರವಿಕೆ ಹೊಲಿಯುತ್ತಿದ್ದ ಅಮ್ಮನಿಗೆ ಒಂದು ಸ್ವರವೂ ಬರುತ್ತಿರಲಿಲ್ಲ. ಆದರೆ ನಾನು ಹಾಡಲು ಕೂತರೆ ಮಿಷನ್ ನಿಲ್ಲಿಸಿ, ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಕೇಳುವಳು.

ಮೇಡಂ ಮನೆಯಲ್ಲಿ ಕಟ್ಟುನಿಟ್ಟು ಬಹಳ. ಮೊಸರು ಬೇಡ, ಶರಬತ್ತು ಬೇಡ, ಐಸಂತೂ ಹೆಸರೆತ್ತುವ ಹಾಗಿಲ್ಲ. ಅನುಮಾನ ಬಂದರೆ "ಬಾಯ್ ತೆಗಿಯೇ" ಎಂದು ನಾಲಿಗೆ ನೋಡುತ್ತಿದ್ದರು. ಐಸ್‌ಕ್ಯಾಂಡಿ ಬಣ್ಣ ಕಂಡರೆ ಆವತ್ತಿನ ಪಾಠವೆಲ್ಲ ಮೂಲೆಯಲ್ಲಿ ನಿಂತೇ. ನನಗೆ ಟಾನ್ಸಿಲ್ ತೊಂದರೆ. ತಣ್ಣಗಿರುವುದು ಗಂಟಲಿಗಿಳಿದರೆ ಮರುದಿನ ದನಿಯೇ ಹೊರಡುತ್ತಿರಲಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವರ ಮಗಳು ನನ್ನದೇ ವಯಸ್ಸಿನವಳು, ನನ್ನ ಪಕ್ಕದಲ್ಲೇ ಕೂತು ಕಲಿಯುತ್ತಿದ್ದಳು. ಒಳ್ಳೆಯ ಹುಡುಗಿ. ಶ್ರುತಿ ಮಾತ್ರ ನಿಲ್ಲುತ್ತಿರಲಿಲ್ಲ. ಆ ವರ್ಷ ದಸರೆಯಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ಮೇಡಂ ಶಿಷ್ಯೆಯರಲ್ಲಿ ಒಬ್ಬಳಿಗೆ ಅವಕಾಶವಿತ್ತು. ಆರಿಸುವವರು ಹೊರಗಿನ ವಿದ್ವಾಂಸರು. ಅವರಲ್ಲೊಬ್ಬರು ಮೊದಲೇ ಒಮ್ಮೆ ಪಾಠಕ್ಕೆ ಬಂದಿದ್ದರು. ನನ್ನ ಹಾಡು ಕೇಳಿ, "ಈ ಮಗು ಇದ್ದಮೇಲೆ ಇನ್ಯಾರನ್ನ ಹುಡುಕೋದು?" ಎಂದುಬಿಟ್ಟರು. ನಾನು ಹಿಗ್ಗಿ ಮೇಡಂ ಕಡೆ ನೋಡಿದೆ. ಅವರು ತಂಬೂರಿಯ ತಂತಿ ಸರಿಮಾಡುತ್ತಿದ್ದರು. ತಲೆ ಎತ್ತಲಿಲ್ಲ.

ಆಯ್ಕೆಯ ಹಿಂದಿನ ದಿನ ಪಾಠ ಮುಗಿದಮೇಲೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. ಅಮ್ಮ ಬರುವುದಕ್ಕೆ ಇನ್ನೂ ಹೊತ್ತಿತ್ತು. ಮೇಡಂ ಅಡುಗೆಮನೆಗೆ ಕರೆದು ಮಣೆ ಹಾಕಿದರು... ಅಲ್ಲಿಯವರೆಗೆ ನನಗೆ ಆ ಅಡುಗೆಮನೆಯ ಬಾಗಿಲು ಮಾತ್ರ ಗೊತ್ತಿತ್ತು. ಪುಡಿ ಕಲಸಿದರು, ಫ್ರಿಜ್ಜಿನಿಂದ ಹಾಲು ತೆಗೆದರು. ಐಸ್ ಟ್ರೇಯನ್ನು ಕಟ್ಟೆಗೆ ಕುಟ್ಟಿ ತುಂಡುಗಳನ್ನು ಬಿಡಿಸಿದರು. ಎರಡು ಉದ್ದ ಲೋಟಗಳಲ್ಲಿ ಎತ್ತರದಿಂದ ಹೊಯ್ದು ಹೊಯ್ದು ನೊರೆ ಬರಿಸಿದರು. ಎಷ್ಟು ಅಕ್ಕರೆಯಿಂದ ಮಾಡಿದರೆಂದರೆ, ಈಗಲೂ ಆ ಕೈಗಳನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

"ನಾಳೆ ಹಾಡೋದಿದೆಯಲ್ಲ ಮೇಡಂ..." ಎಂದೆ.

"ನಾನೇ ಕೊಡ್ತಿದ್ದೀನಲ್ಲೇ. ಚೆನ್ನಾಗಿ ಹಾಡ್ತೀಯ ಅಂತ ಪ್ರೀತಿಗೆ ಮಾಡಿದ್ದು. ಕುಡಿ."

ಅವರ ಮಗಳು ಬಂದು ಬಾಗಿಲಲ್ಲಿ ನಿಂತಳು. "ನಂಗೆ?" ಎಂದಳು.

"ನಿಂಗೆ ಬೇಡ. ಹೋಗು ಒಳಗೆ."

ಕುಡಿದೆ. ಅಂಥ ರುಚಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮತ್ತೊಂದು ಲೋಟ ಕೊಟ್ಟರು, ಅದನ್ನೂ ಕುಡಿದೆ. ತಳದಲ್ಲಿ ಉಳಿದಿದ್ದ ಐಸನ್ನು "ಅಗಿದ್ಬುಡು, ಸುಮ್ನೆ ಯಾಕೆ ಚೆಲ್ತೀಯ" ಎಂದರು.

ಬೆಳಿಗ್ಗೆ ಎದ್ದಾಗ ಗಂಟಲಿನಿಂದ ಬಂದದ್ದು ಬರೀ ಗಾಳಿ. ರೇಷ್ಮೆ ಲಂಗ ಉಟ್ಟು, ಕೊರಳಿಗೆ ಬಟ್ಟೆ ಸುತ್ತಿಕೊಂಡು, ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ಅವರ ಮಗಳು ಹಾಡುವುದನ್ನು ಕೇಳಿದೆ. ದಸರೆಯಲ್ಲಿ ಹಾಡಿದ್ದೂ ಅವಳೇ.

ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, "ಯಾರ ಮುಂದೇನೂ ಆಡ್ಬೇಡ ಅದನ್ನ" ಎಂದಳು. ಎರಡು ದಿನ ಬಿಟ್ಟು ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ನನ್ನನ್ನು ಮೇಡಂ ಮನೆಗೆ ಎಳೆದುಕೊಂಡು ಹೋದಳು.

"ತಪ್ಪಾಯ್ತು ಮೇಡಂ. ಹುಡುಗಿ ಎಲ್ಲೋ ಐಸ್ ತಿಂದ್ಬುಟ್ಟಿದ್ದಾಳೆ. ನಿಮ್ಮ ಶ್ರಮ ಎಲ್ಲಾ ಹಾಳಾಯ್ತು."

ನನಗೆ ತಡೆಯಲಾಗಲಿಲ್ಲ. ಇದ್ದಷ್ಟು ದನಿಯಲ್ಲಿ, "ನೀವೇ ಕೊಟ್ಟಿದ್ದು" ಎಂದೆ.

ಮೇಡಂ ನಕ್ಕರು. ನಿಜವಾಗಿ ನಕ್ಕರು. "ನಾನಾ? ನಮ್ಮನೇಲಿ ಐಸ್ ಮುಟ್ಟೋರೇ ಇಲ್ಲ ಕಣ್ರೀ. ಹೋಗ್ಲಿ ಬುಡಿ, ಮಕ್ಕಳು. ಭಯಕ್ಕೆ ಏನೋ ಹೇಳ್ತವೆ."

ಎಲ್ಲವನ್ನೂ ಕಂಡಿದ್ದ ಅವರ ಮಗಳು ನೆಲ ನೋಡುತ್ತ ನಿಂತಿದ್ದಳು. ಅಮ್ಮನ ಕೈ ನನ್ನ ಕತ್ತಿನ ಮೇಲೆ ಬಂತು. ಬಗ್ಗಿಸಿ ಆ ಹೆಂಗಸಿನ ಕಾಲಿಗೆ ನನ್ನ ಹಣೆ ಮುಟ್ಟಿಸಿದಳು. ಅರಿಶಿನ ಹಚ್ಚಿದ ಪಾದ, ಬೆಳ್ಳಿ ಕಾಲುಂಗುರ... ಉಗಿಯಬೇಕೆನಿಸಿತು. ಬಾಯಿ ಒಣಗಿತ್ತು.

ಆಮೇಲೆ ಆ ಮನೆಗೆ ಕಾಲಿಡಲಿಲ್ಲ. ಗಂಟಲು ವಾಸಿಯಾಯಿತು, ನಾನು ಮಾತ್ರ ಮತ್ತೆ ಹಾಡಲಿಲ್ಲ. ಮಗಳಿಗೊಂದು ಜೋಗುಳವನ್ನೂ ಹೇಳಲಿಲ್ಲ. ಅಮ್ಮ ಕೆಲವು ಸಲ ಕೇಳಿ ನೋಡಿ, ಬಿಟ್ಟುಬಿಟ್ಟಳು.

ಆ ಭಾನುವಾರ ಮಗಳು ಮುಖ ಸಣ್ಣ ಮಾಡಿಕೊಂಡು ಲೋಟ ಹಿಡಿದು ಆಚೆ ಹೋದಾಗ, ಊಟದ ಮೇಜಿನ ಹತ್ತಿರ ಕೂತಿದ್ದ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕಿವಿ ಮಂದವಾದ ಮೇಲೆ ಅವಳು ಎಲ್ಲರ ಮುಖ ಓದುವುದನ್ನು ಕಲಿತಿದ್ದಾಳೆ.

"ಇನ್ನೂ ಆ ಮೇಡಂ ಮೇಲಿನ ಕೋಪಾನಾ?"

ಅವಳ ಕಿವಿಗೆ ಬಾಯಿಟ್ಟು ಕೂಗಿದೆ: "ನೀನು ನನ್ನ ಮಾತು ನಂಬ್ಲಿಲ್ಲವಲ್ಲ, ಆ ಕೋಪಾನೂ ಇದೆ!"

"ನಂಬ್ಲಿಲ್ಲ ಅಂತ ಯಾರು ಹೇಳಿದ್ದು?" ಎಂದಳು ಅಮ್ಮ. "ನೀನು ಸುಳ್ಳು ಹೇಳೋಳಲ್ಲ ಅಂತ ನಂಗೆ ಗೊತ್ತಿರ್ಲಿಲ್ವೇನೆ? ಅವರೇ ಕೊಟ್ಟಿದ್ದು ಅಂತ ಅವತ್ತೇ ಗೊತ್ತಿತ್ತು."

"ಮತ್ಯಾಕೆ ಕಾಲಿಗೆ ಬೀಳಿಸ್ದೆ?"

"ಇನ್ನೆಲ್ಲಿಗೆ ಕಳಿಸ್ಲಿ ನಿನ್ನ? ನಂಗೆ ಬೇರೆ ಯಾರು ಗೊತ್ತಿದ್ರು? ಒಂದ್ಸಲ ಬಗ್ಗಿದ್ರೆ ನಿನ್ನ ಪಾಠ ಉಳಿಯುತ್ತೆ ಅಂದ್ಕೊಂಡೆ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀನು ಮತ್ತೆ ಹೋಗ್ಲೇ ಇಲ್ಲ. ಬಗ್ಗಿದ್ದೇ ಬಂತು."

ಮೇಡಂ ಮೇಲಿನ ನನ್ನ ದ್ವೇಷ ಒಂದು ಎಳೆಯೂ ಕರಗಿಲ್ಲ, ಕರಗಿಸಿಕೊಳ್ಳುವ ಮನಸ್ಸೂ ಇಲ್ಲ. ಆದರೆ ಇಷ್ಟು ವರ್ಷ ನಾನು ಹಾಡದೆ ಕೂತಿದ್ದು ಯಾರನ್ನು ಶಿಕ್ಷಿಸುವುದಕ್ಕೆ... ಮೇಡಂಗೆ ಅದರಿಂದ ಏನೂ ಆಗಲಿಲ್ಲ. ಆಗಿದ್ದು ಅಮ್ಮನಿಗೆ.

ಈಗ ಹಾಡಬಹುದು. ಅಮ್ಮನೂ ಎದುರಿಗೇ ಕೂತಿರುತ್ತಾಳೆ. ಅವಳಿಗೆ ಕಾಣುವುದು ನನ್ನ ತುಟಿ ಆಡುವುದಷ್ಟೇ.