ನೆಲದ ಹಣೆಗೆ ವಿಭೂತಿ

ಪೂಜೆಗೆ ಕೂರುವವನ ಮನಸ್ಸು ಶಾಂತವಾಗಿರಬೇಕು. ನನ್ನದು ಹಾಗಿರಲಿಲ್ಲ, ದಾವಣಗೆರೆಯಿಂದ ತಂದಿದ್ದ ವಿಭೂತಿ ಗಟ್ಟಿ ಕಾಣೆಯಾಗಿತ್ತು. ಮನೆಯಲ್ಲಿದ್ದದ್ದು ಅದೊಂದೇ.

ಹುಡುಕುತ್ತ ಬಂದರೆ, ವೈಟ್‌ಫೀಲ್ಡಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ನಾಲ್ಕು ವರ್ಷದ ಮೊಮ್ಮಗಳು ಮಂಡಿಯೂರಿ ನೆಲ ತಿಕ್ಕುತ್ತಿದ್ದಳು. ಪಕ್ಕದಲ್ಲಿ ನೀರಿನ ಮಗ್ಗು, ಕೈಯಲ್ಲಿ ನನ್ನ ಗಟ್ಟಿ.

“ಏನ್ ಮಾಡ್ತಿದೀಯವ್ವಾ?” ಎಂದೆ.

“ಈ ಸೋಪಲ್ಲಿ ನೊರೆನೇ ಬರಲ್ಲ ಅಜ್ಜಾ. ಬೇರೆ ತಗೊಂಬಾ,” ಎಂದು ನನ್ನನ್ನೇ ಗದರಿದಳು.

ಬೈಯಲೆಂದು ಬಾಯಿ ತೆರೆದೆ. ಅವಳ ಪುಟ್ಟ ಬೆರಳುಗಳು ಒರೆಸಿದಲ್ಲೆಲ್ಲ ಟೈಲ್ಸ್ ಮೇಲೆ ಮೂರು ಮೂರು ಬಿಳಿ ಗೆರೆ ಒಣಗುತ್ತಿದ್ದವು. ನನ್ನ ಹಣೆಗಿಂತ ನೆಲಕ್ಕೇ ಅವು ಚೆನ್ನಾಗಿ ಒಪ್ಪಿದ್ದವು. ಬೈಗುಳ ಹೊರಡಲಿಲ್ಲ, ನಗು ಹೊರಟಿತು.

ಅಂದಿನ ಪೂಜೆಗೆ ನಾನು ವಿಭೂತಿ ಬಳಿದುಕೊಂಡದ್ದು ಸೋಫಾದ ಪಕ್ಕದ ನೆಲದಿಂದ.