ದಿನಕ್ಕೊಂದು ‘ಎಲ್ಲ ಸರಿಯಾಗಿದೆ’

ಹನ್ನೊಂದು ಕಚೇರಿಗಳ ಅರವತ್ತೆರಡು ಕಂಪ್ಯೂಟರುಗಳನ್ನು ಕುರ್ಚಿ ಬಿಟ್ಟೇಳದೆ ಕಾಯುವವನಿಗೆ ಜೊತೆಯವರು ಸ್ಕ್ರಿಪ್ಟಣ್ಣ ಎಂದು ಹೆಸರಿಟ್ಟಿದ್ದರು. ಅವನಿಗದು ಬಿರುದು ಕೊಟ್ಟ ಹಾಗೆ ಕೇಳಿಸುತ್ತಿತ್ತು. ಅವನು ಬರೆದ ಸ್ಕ್ರಿಪ್ಟ್, ಅಂದರೆ ತಾನೇ ತಾನಾಗಿ ಓಡುವ ಪುಟ್ಟ ಪ್ರೋಗ್ರಾಮು, ದಿನಾ ಬೆಳಿಗ್ಗೆ ಎಂಟಕ್ಕೆ ಪ್ರತಿ ಕಂಪ್ಯೂಟರನ್ನೂ ಹೊಕ್ಕು, ಕ್ಲೌಡ್ ಫೋಲ್ಡರಿನಲ್ಲಿರುವ ಫೈಲುಗಳ ಪ್ರತಿ ಇಂಟರ್ನೆಟ್ಟಿನ ಉಗ್ರಾಣಕ್ಕೆ ಹೋಗಿದೆಯೇ, ಅದರ ಲಿಂಕನ್ನು ಯಾರಾದರೂ ಊರಿಗೆಲ್ಲ ಹಂಚಿದ್ದಾರೆಯೇ ಎಂದು ನೋಡಿ, ಗಿರಾಕಿಗಳಿಗೆ ‘ಎಲ್ಲ ಸರಿಯಾಗಿದೆ’ ಎಂಬ ಮೇಲ್ ಕಳಿಸುತ್ತಿತ್ತು. ಗಿರಾಕಿಗಳೆಂದರೆ ಅವನಿಗೆ ಅಷ್ಟಕ್ಕಷ್ಟೆ. ಹಲ್ಲಿನ ಡಾಕ್ಟರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿದ್ದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕ. ಹೆಂಡತಿ ಒಮ್ಮೆ, “ಲೋಕದಲ್ಲಿ ನೀವೊಬ್ಬರೇ ಬುದ್ಧಿವಂತರು, ನಾವೆಲ್ಲ ಸುಮ್ನೆ ಹುಟ್ಟಿದೀವಿ,” ಅಂದಳು. ಪುಣ್ಯಾತ್ಮ ಅದನ್ನೂ ಹೊಗಳಿಕೆ ಎಂದೇ ತಿಳಿದ.

ಹೀಗಿರುವಾಗ ಒಂದು ಶುಕ್ರವಾರ, ಜಮೀನು ಅಳೆದು ನಕ್ಷೆ ಮಾಡಿಕೊಡುವ ಸರ್ವೆಯಮ್ಮನ ಕಂಪ್ಯೂಟರಿನ ಡಿಸ್ಕ್ ಕೆಟ್ಟು ಕೂತಿತು. ಅಕ್ಕಪಕ್ಕದ ಇಬ್ಬರ ಗೋಡೆ ಜಗಳದ ನಕ್ಷೆ ಅದರಲ್ಲಿತ್ತು. ಸೋಮವಾರ ಅದನ್ನು ಕೋರ್ಟಿಗೆ ಕೊಡದಿದ್ದರೆ ಆಕೆಯ ಮೂವತ್ತು ವರ್ಷದ ಹೆಸರು ಮಣ್ಣುಪಾಲು.

ಸ್ಕ್ರಿಪ್ಟಣ್ಣ ಠೀವಿಯಿಂದ ಹೋದ. “ಗಾಬರಿ ಯಾಕಮ್ಮ, ಎಲ್ಲ ಕ್ಲೌಡಲ್ಲಿ ಭದ್ರವಾಗಿದೆ,” ಎಂದು ಕಾಲ ಮೇಲೆ ಕಾಲು ಹಾಕಿ, ತನ್ನ ಲ್ಯಾಪ್‌ಟಾಪಿನಲ್ಲಿ ಆಕೆಯ ಫೋಲ್ಡರ್ ತೆರೆದ. ಒಳಗೆ ಇದ್ದದ್ದು ಒಂದೇ ಒಂದು ಫೈಲು. ಮೂರು ವರ್ಷದ ಹಿಂದೆ, ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಅವನೇ ಹಾಕಿದ್ದ ಖಾಲಿ ಫೈಲು. ಅದು ಕ್ಷೇಮವಾಗಿದೆ ಎಂದು ಸ್ಕ್ರಿಪ್ಟ್ ಮೂರು ವರ್ಷ ನಿಯತ್ತಾಗಿ ವರದಿ ಒಪ್ಪಿಸಿತ್ತು.

“ನಕ್ಷೆಗಳನ್ನ ಎಲ್ಲಿ ಇಡ್ತಿದ್ರಿ?”

“ಡೆಸ್ಕ್‌ಟಾಪಲ್ಲಿ. ಎದುರಿಗೇ ಕಾಣತ್ತಲ್ಲ.”

“ಈ ಫೋಲ್ಡರಲ್ಲಿ ಇಡಬೇಕಿತ್ತು.”

“ಅದನ್ನ ಯಾರು ಹೇಳಿದ್ರು ನಂಗೆ?”

ಯಾರೂ ಹೇಳಿರಲಿಲ್ಲ. ಹೇಳಬೇಕಾದವನು, ದಡ್ಡರ ಜೊತೆ ಮಾತೇ ದಂಡ ಎಂದುಕೊಂಡು, ಮೊದಲ ದಿನ ಹತ್ತೇ ನಿಮಿಷಕ್ಕೆ ಎದ್ದು ಹೋಗಿದ್ದ.

“ಅಳತೆ ಬರ್ಕೊಂಡ ಕಾಗದ ಇರಬೇಕಲ್ಲಮ್ಮ?”

“ಇತ್ತಪ್ಪ. ದಿನಾ ಬೆಳಿಗ್ಗೆ ‘ಎಲ್ಲ ಸರಿಯಾಗಿದೆ’ ಅಂತ ನೀನು ಬರೀತಿದ್ದೆಯಲ್ಲ, ಇನ್ನು ಕಾಗದ ಯಾಕೆ ಅಂತ ಹರಿದು ಹಾಕ್ದೆ.”

ಆಕೆ ಬೈಯಲಿಲ್ಲ. ಬೈದಿದ್ದರೆ ಅವನೂ ನಾಲ್ಕು ಮಾತಾಡಿ ಬಚಾವಾಗುತ್ತಿದ್ದ. ಸುಮ್ಮನೆ ಎದ್ದು ಅಲಮಾರಿಯಿಂದ ಅಳತೆಯ ಟೇಪು ತೆಗೆದಳು.

“ನನ್ನ ಜೊತೆ ಬರೋರು ಊರಲ್ಲಿಲ್ಲ. ನಾಳೆ ಏಳಕ್ಕೆ ಬಾ, ಒಂದು ತುದಿ ನೀನು ಹಿಡ್ಕೋ.”

ಶನಿವಾರ ಆ ಗೋಡೆಯ ಬುಡದಲ್ಲಿ ಮೊಣಕಾಲೂರಿ ಕೂತು, ಸ್ಕ್ರಿಪ್ಟಣ್ಣ ಟೇಪಿನ ತುದಿಯನ್ನು ಗುರುತಿನ ಮೇಲೆ ಒತ್ತಿ ಹಿಡಿದ. “ಹಿಡಿದಿದೀನಿ, ಓದ್ಕೊಳಿ,” ಎಂದು ಕೂಗಿದ. ಆಕೆ ಓದಿಕೊಳ್ಳಲಿಲ್ಲ. ಅಷ್ಟುದ್ದ ನಡೆದು ಬಂದು, ನೋಯುವ ಮಂಡಿ ಬಗ್ಗಿಸಿ, ಅವನ ಬೆರಳನ್ನು ಪಕ್ಕಕ್ಕೆ ಸರಿಸಿ, ತುದಿ ಗುರುತಿನ ಮೇಲೇ ಇದೆಯೇ ಎಂದು ಕಣ್ಣಾರೆ ನೋಡಿ ವಾಪಸ್ಸು ಹೋದಳು. ಅವತ್ತು ಒಟ್ಟು ಮೂವತ್ತನಾಲ್ಕು ಅಳತೆ. ಮೂವತ್ತನಾಲ್ಕು ಸಲವೂ ಆಕೆ ನಡೆದು ಬಂದಳು. ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಆದರೂ ಬರುವುದು ಬೇಡಮ್ಮ ಎನ್ನುವ ಮುಖ ಅವನಿಗಿರಲಿಲ್ಲ.