ಅಣ್ಣ ಮೇಲೆ, ಧಾರೆ ಕೆಳಗೆ

ಮೂರು ವರ್ಷಗಳ ಹಿಂದೆ, ನಮ್ಮ ಒಬ್ಬಳೇ ಮಗಳು ಶ್ರಾವ್ಯಳ ಮದುವೆಯ ದಿನ ನಡೆದದ್ದು ಇದು. ವಾಮಂಜೂರಿನ ನಮ್ಮ ಮನೆಗೆ ಹತ್ತಿರದ ಒಂದು ಹಾಲ್‌ನಲ್ಲಿ ಮದುವೆ. ನಮ್ಮವರಲ್ಲಿ ಧಾರೆಯ ಹೊತ್ತಿಗೆ ಹುಡುಗಿಯ ಸೋದರಮಾವ ಇರಲೇಬೇಕು. ಅದರಲ್ಲೂ ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿ, ಮದುವೆ ಮಾಡಿಕೊಟ್ಟವನು ಅಣ್ಣನೇ. ಅವನು ಬಾರದೆ ಧಾರೆ ಇಲ್ಲ ಎಂದು ಎರಡೂ ಕಡೆಯವರಿಗೆ ಮೊದಲೇ ಹೇಳಿಟ್ಟಿದ್ದೆ. ಆದರೆ ಅಣ್ಣನಿಗೆ ಮುಂಬೈಯ ತನ್ನ ಹೋಟೆಲ್ ಬಿಟ್ಟು ಒಂದು ದಿನ ಇರುವುದೆಂದರೆ ಜೀವ ಹೋದ ಹಾಗೆ. "ಬೆಳಗ್ಗಿನ ವಿಮಾನದಲ್ಲಿ ಬರ್ತೇನೆ ಮಾರಾಯ್ತಿ, ಏರ್‌ಪೋರ್ಟಿನಿಂದ ಹಾಲ್‌ಗೆ ಎಷ್ಟು ದೂರ ಉಂಟು?" ಎಂದಿದ್ದ.

ಇನ್ನು ನಮ್ಮ ಯಜಮಾನರ ವಿಷಯ. ಅವರಿಗೆ ಎರಡು ಹುಚ್ಚು. ಒಂದು ಮಾತಾಡುವುದು, ಇನ್ನೊಂದು ಆನ್‌ಲೈನ್‌ನಲ್ಲಿ ಸಾಮಾನು ತರಿಸುವುದು. ಹಾಲ್‌ನ ಅಡುಗೆ ಶೆಡ್ ಇದ್ದದ್ದು ಹಿಂಬದಿಯ ತಗ್ಗಿನಲ್ಲಿ, ವಿಮಾನ ನಿಲ್ದಾಣದ ಗುಡ್ಡಕ್ಕೆ ಮುಖ ಮಾಡಿಕೊಂಡು. ಅಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ. ಇದೇ ನೆಪ ಸಾಕಾಯಿತು, ನಾಲ್ಕು ವಾಕಿಟಾಕಿ ತರಿಸಿದರು. ಅದಕ್ಕೆ ಲೈಸನ್ಸ್ ಬೇಕೆಂದು ಇವರು ಕೇಳಲಿಲ್ಲ, ಮಾರಿದವನು ಹೇಳಲಿಲ್ಲ. ಇದ್ದ ಬಟನ್‌ಗಳನ್ನೆಲ್ಲ ಒತ್ತಿ ನೋಡಿ, "ಈ ಚಾನೆಲ್ ಖಾಲಿ ಉಂಟು, ಯಾರೂ ಮಾತಾಡುವುದಿಲ್ಲ" ಎಂದು ನಾಲ್ಕನ್ನೂ ಅದಕ್ಕೇ ಇಟ್ಟರು. ಒಂದನ್ನು ಅಡುಗೆಯ ಸುಬ್ರಾಯ ಭಟ್ಟರಿಗೆ ಕೊಟ್ಟು, ಒತ್ತಿ ಹಿಡಿದು ಮಾತಾಡಬೇಕು, ಕೊನೆಗೆ ಓವರ್ ಎನ್ನಬೇಕು ಎಂದು ಪಾಠವನ್ನೂ ಮಾಡಿದರು.

ಮದುವೆಯ ದಿನ ಬೆಳಗ್ಗೆ ಎಲ್ಲ ಸರಿಯಾಗಿಯೇ ಇತ್ತು. ಗಂಡಿನವರು ಬಂದರು, ಶ್ರಾವ್ಯ ಅಲಂಕಾರ ಮುಗಿಸಿ ಕೂತಳು. ಅಣ್ಣನ ವಿಮಾನ ಹೊರಟ ಸುದ್ದಿಯೂ ಬಂದಿತ್ತು. ಅದು ಇಳಿಯುವ ಹೊತ್ತಿಗೆ ಹೊರಗೆ ದೊಡ್ಡ ಶಬ್ದ. ಅಂಗಳದಲ್ಲಿದ್ದ ಯಾರೋ, "ಅದು ಇಳಿಯಲಿಲ್ಲ, ಪುನಃ ಮೇಲೆ ಹೋಯ್ತು" ಎಂದರು. ನಾನು ಓಡಿಬಂದು ನೋಡಿದೆ. ವಿಮಾನ ದೂರ ಹೋಗಿ, ಸುತ್ತು ಹಾಕಿ ಮತ್ತೆ ಬಂತು. ಗುಡ್ಡದ ಹತ್ತಿರ ತಗ್ಗಿ, ಮತ್ತೆ ಗುಡುಗುತ್ತಾ ಏರಿಬಿಟ್ಟಿತು. ಇಳಿಯದಿರಲು ಕಾರಣವೇ ಕಾಣಲಿಲ್ಲ. ಮಳೆ ಇಲ್ಲ, ಮೋಡ ಇಲ್ಲ, ಸುಡುವ ಬಿಸಿಲು.

ಪುರೋಹಿತರು ಬಂದು ಮೆಲ್ಲಗೆ ಹೇಳಿದರು, "ಅಮ್ಮ, ಮುಹೂರ್ತ ಮೀರ್ತದೆ. ಬೇರೆ ಮಾವಂದಿರು ಯಾರಾದರೂ ಇದ್ದಾರಾ?"

"ಇರುವುದು ಒಬ್ಬನೇ. ಅವನು ಆಕಾಶದಲ್ಲಿ ಇದ್ದಾನೆ" ಎಂದೆ. ಅವರು ಪಾಪ, ತಲೆಯೆತ್ತಿ ನೋಡಿ ಒಳಗೆ ಹೋದರು.

ನಮ್ಮ ಯಜಮಾನರು ಅತ್ತಿಂದಿತ್ತ ಓಡಾಡುತ್ತಾ, "ಭಟ್ರೇ, ಊಟ ತಡ ಆಗ್ತದೆ, ಓವರ್" ಎಂದು ವಾಕಿಟಾಕಿ ಸೆಟ್‌ಗೆ ಕೂಗುತ್ತಿದ್ದರು. ಅತ್ತಲಿಂದ ಬರುತ್ತಿದ್ದದ್ದು ಸಾಂಬಾರಿನ ಸಂಗತಿ, ನಡುನಡುವೆ ಭಟ್ಟರ ಸೀನು. "ಈ ಭಟ್ರು ಬಾಯಿ ಮುಚ್ಚುವುದೇ ಇಲ್ಲ ಮಾರಾಯ್ತಿ. ಬೇರೆಯವರಿಗೆ ಒಂದು ಮಾತಾಡಲಿಕ್ಕೆ ಬಿಡುವುದಿಲ್ಲ" ಎಂದು ನನ್ನಲ್ಲಿ ದೂರಿದರು. ಇದನ್ನು ಇವರ ಬಾಯಿಂದ ಕೇಳಲು ಮೂವತ್ತು ವರ್ಷ ಕಾದಿದ್ದೆ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ, ಅಷ್ಟೇ.

ಆಗ ನನ್ನ ಫೋನ್ ಬಡಿದುಕೊಂಡಿತು. ನಮ್ಮದೇ ರಸ್ತೆಯ ಲ್ಯಾನ್ಸಿ. ವಿಮಾನ ನಿಲ್ದಾಣದಲ್ಲಿ ರೇಡಿಯೋ ರಿಪೇರಿಯ ಕೆಲಸ ಅವನದು. ಡ್ಯೂಟಿ ಇದ್ದುದರಿಂದ ಮದುವೆಗೆ ಬಂದಿರಲಿಲ್ಲ.

"ಅಕ್ಕ, ನಿಮ್ಮ ಪಾಯಸಕ್ಕೆ ಬೆಲ್ಲ ಕಡಿಮೆ ಆಗಿದೆಯಂತೆ" ಎಂದ.

"ಎಂತ ಲ್ಯಾನ್ಸಿ, ನನಗೆ ಇಲ್ಲಿ ತಲೆ ಕೆಟ್ಟಿದೆ."

"ನಮಗೂ ಕೆಟ್ಟಿದೆ. ಟವರಿನಲ್ಲಿ ಪೈಲಟ್ ಹೇಳುವುದು ಕೇಳುವುದಿಲ್ಲ, ಬೆಲ್ಲದ ಮಾತೇ ಕೇಳುವುದು. ಪೈಲಟ್‌ಗೂ ಅದೇ. ಎಲ್ಲಿಂದ ಬರ್ತದೆ ಅಂತ ಗೊತ್ತಾಗದೆ ಎಲ್ಲರೂ ಹುಡುಕ್ತಾ ಇದ್ದಾರೆ. ಈಗಷ್ಟೇ ಆ ಬೆಲ್ಲದವರು 'ಶ್ರಾವ್ಯನ ಮಾವ ವಿಮಾನದಿಂದ ಇಳಿಯದೆ ಅನ್ನ ಬಸಿಯಬೇಡಿ' ಅಂದರು. ನಿಮ್ಮ ಮದುವೆ ಕಾಗದ ನಮ್ಮ ಫ್ರಿಜ್ಜಿನ ಮೇಲೆ ಉಂಟಲ್ಲ ಅಕ್ಕ. ನಮ್ಮ ಚಾನೆಲಿನಲ್ಲಿ ಆ ಮಾತನ್ನು ಮೊದಲು ನಿಲ್ಲಿಸಿ. ಇನ್ನೊಂದು ಸಲ ಇಳಿಯಲಿಕ್ಕೆ ಆಗದಿದ್ದರೆ ಬೆಂಗಳೂರಿಗೆ ಕಳಿಸ್ತಾರೆ."

ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಗಂಡಿನವರ ಎದುರೇ ನಾನು ಅಡುಗೆ ಶೆಡ್‌ಗೆ ಓಡಿದೆ. ಭಟ್ಟರು ಎರಡೂ ಕೈಯಲ್ಲಿ ಸಟ್ಟುಗ ಹಿಡಿದು ಕೊಪ್ಪರಿಗೆಯ ಮುಂದೆ ನಿಂತಿದ್ದರು. ಕೊರಳಿಗೆ ಹಗ್ಗದಲ್ಲಿ ಸೆಟ್ ತೂಗುತ್ತಿತ್ತು. ಅದರ ಬಟನ್ ಒತ್ತಿಯೇ ಇರುವಂತೆ, ಪಾರ್ಸೆಲ್ ಕಟ್ಟುವ ರಬ್ಬರ್ ಬ್ಯಾಂಡನ್ನು ಸುತ್ತಿ ಸುತ್ತಿ ಬಿಗಿದಿದ್ದರು.

"ಎರಡು ಕೈಯೂ ಕೆಲಸದಲ್ಲಿ ಉಂಟು. ಒತ್ತುವುದು ಯಾವ ಕೈಯಲ್ಲಿ ಅಕ್ಕ? ಹೀಗೆ ಕಟ್ಟಿದರೆ ಆರಾಮ" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ರಬ್ಬರ್ ಬ್ಯಾಂಡ್ ಕಿತ್ತು, ಸೆಟ್‌ನ ಬ್ಯಾಟರಿಯನ್ನೂ ತೆಗೆದು, ಮೇಲೆ ಬಂದು ಇವರ ಕೈಯಲ್ಲಿದ್ದದ್ದನ್ನೂ ಕಸಿದುಕೊಂಡೆ. ಉಳಿದೆರಡು ಪೆಟ್ಟಿಗೆಯಲ್ಲೇ ಇದ್ದವು. ಸ್ವಲ್ಪ ಹೊತ್ತಿಗೆ ವಿಮಾನ ಮತ್ತೆ ತಗ್ಗಿ ಬಂತು. ಈ ಸಲ ಗುಡ್ಡದ ಹಿಂದೆ ಹೋದದ್ದು ಮೇಲೆ ಬರಲಿಲ್ಲ. ಅಂಗಳದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಮುಹೂರ್ತದ ಕೊನೆಯ ಗಳಿಗೆಯಲ್ಲಿ ಅಣ್ಣ ಬೂಟು ಕಳಚುತ್ತಲೇ ಮಂಟಪ ಹತ್ತಿದ. ಧಾರೆ ಎರೆದು ಮುಗಿದ ಮೇಲೆಯೇ ಬೆವರು ಒರೆಸಿಕೊಂಡ.

ಊಟಕ್ಕೆ ಕೂತಾಗ ಅವನ ಸಿಟ್ಟು ಹೊರಬಂತು. "ಯಾವನೋ ಕೆಲಸ ಇಲ್ಲದವನು ರೇಡಿಯೋದಲ್ಲಿ ಮಾತಾಡ್ತಾ ಇದ್ದನಂತೆ ಭಾವ. ಸಿಕ್ಕಿದರೆ ಎರಡು ಬಿಗಿಯಬೇಕು" ಎಂದ. "ಬಿಗಿಯಬೇಕು, ಬಿಡಬಾರದು" ಎನ್ನುತ್ತಾ ಇವರು ತಲೆ ತಗ್ಗಿಸಿ ಪಾಯಸ ಬಡಿಸಿದರು. ಅಷ್ಟರಲ್ಲಿ ಇಬ್ಬರು ಅಧಿಕಾರಿಗಳು ಒಳಗೆ ಬಂದು, "ವಾಕಿಟಾಕಿ ಯಾರದ್ದು?" ಎಂದು ಕೇಳಿದರು. ಇಡೀ ಪಂಕ್ತಿ ಇವರತ್ತ ತಿರುಗಿತು.

ನಾಲ್ಕೂ ಸೆಟ್ ಹೋಯಿತು. ಇವರ ಕೈಯಿಂದ ಹೇಳಿಕೆ ಬರೆಸಿಕೊಂಡರು. ಆಮೇಲೆ ಹಲವು ಸಲ ಆಫೀಸಿಗೆ ಅಲೆದು, ಚೆನ್ನಾಗಿ ಬೈಸಿಕೊಂಡೂ ಬಂದರು. ಮೇಲೆ ವಿಮಾನದಲ್ಲಿ ಅಷ್ಟು ಜನ ಇದ್ದರೆಂಬುದನ್ನು ನೆನೆದರೆ ಆ ಬೈಗುಳ ಕಡಿಮೆಯೇ ಆಯಿತು.

ಆ ದಿನ ಅಧಿಕಾರಿಗಳು ಹೋದ ಮೇಲೆ ಅಣ್ಣ ಬಿಗಿಯುವ ಮಾತನ್ನು ಬಿಟ್ಟು, ನನ್ನನ್ನು ಹತ್ತಿರ ಕರೆದು ಹೇಳಿದ, "ಮೇಲಿಂದ ನಿಮ್ಮ ಶಾಮಿಯಾನ ಕಾಣ್ತಿತ್ತು. ಮುಹೂರ್ತ ಮೀರ್ತದೆ ಅನಿಸಿತು. ಒಂದು ಬಾಟಲಿ ನೀರು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಇಳಿಯದಿದ್ದರೆ ಕೂತಲ್ಲೇ, ಒಂದು ಲೋಟಕ್ಕೆ ಧಾರೆ ಎರೆಯುವ ಅಂತ."

ಅವನಿಲ್ಲದೆ ಧಾರೆ ಇಲ್ಲ ಎಂದು ನಾನು ಕೆಳಗೆ ಹಟ ಹಿಡಿದಿದ್ದರೆ, ಅವನು ಮೇಲೆ ಬಾಟಲಿ ಹಿಡಿದು ಕೂತಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ, ಕಣ್ಣೂ ತುಂಬುತ್ತದೆ.

ಈಗ ನಮ್ಮ ಮನೆಯ ಮೇಲೆ ವಿಮಾನ ತಗ್ಗಿ ಬಂದರೆ ಇವರು ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಗುಡ್ಡದ ಹಿಂದೆ ಇಳಿದ ಮೇಲೆಯೇ ಮುಂದುವರಿಸುವುದು. ನಾನೂ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಅದರಲ್ಲಿ ಯಾರದೋ ಅಣ್ಣ ಕೂತಿರಬಹುದು, ಹೊತ್ತಿಗೆ ಸರಿಯಾಗಿ ಇಳಿಯಲಿ.